ಮಾತ್ರೆಯ ಪಾಲೆಷ್ಟು, ದೇಹದ ಪಾಲೆಷ್ಟು?

ಥೈರಾಯ್ಡ್ ಕೊರತೆಗೆ ಕೊಡುವ ಲೆವೊಥೈರಾಕ್ಸಿನ್ ಮಾತ್ರೆಯ ಬಗ್ಗೆ 2004ರಲ್ಲಿ ಅಮೆರಿಕದಿಂದ ಒಂದು ಅಧ್ಯಯನ ಪ್ರಕಟವಾಯಿತು. ಆರೋಗ್ಯವಂತ ಸ್ವಯಂಸೇವಕರಿಗೆ ಒಮ್ಮೆ 600 ಮೈಕ್ರೋಗ್ರಾಂ, ಒಮ್ಮೆ 450, ಮತ್ತೊಮ್ಮೆ 400 ಮೈಕ್ರೋಗ್ರಾಂ ಔಷಧ ಕೊಟ್ಟು, ಪ್ರತಿ ಸಲವೂ ರಕ್ತ ತೆಗೆದು ಹಾರ್ಮೋನಿನ ಮಟ್ಟ ಅಳೆದಿದ್ದರು. ಎರಡು ಕಂಪನಿಗಳ ಮಾತ್ರೆಗಳು ಸಮಾನವೇ ಎಂದು ತೀರ್ಮಾನಿಸಲು ಬಳಸುವ ರೂಢಿಯ ಲೆಕ್ಕವನ್ನೇ ಈ ಅಂಕಿಗಳಿಗೂ ಹಚ್ಚಿದರು. 400 ಮತ್ತು 600 ಎರಡೂ ಸಮಾನ ಎಂಬ ಉತ್ತರ ಬಂತು. ಮೂರನೇ ಒಂದು ಪಾಲು ಔಷಧವೇ ಕಡಿಮೆಯಿದ್ದರೂ ಪರೀಕ್ಷೆಯ ಕಣ್ಣಿಗೆ ಅದು ಬೀಳಲಿಲ್ಲ.

ರಕ್ತದ ಅಳತೆ ಸರಿಯಾಗಿಯೇ ಇತ್ತು, ಗಣಿತವೂ ಸರಿಯಾಗಿತ್ತು. ಬಿಟ್ಟುಹೋಗಿದ್ದು ಒಂದು ಕಳೆಯುವ ಲೆಕ್ಕ. ಥೈರಾಕ್ಸಿನ್ ಹಾರ್ಮೋನನ್ನು ಕುತ್ತಿಗೆಯ ಥೈರಾಯ್ಡ್ ಗ್ರಂಥಿ ಹಗಲಿರುಳು ತಯಾರಿಸಿ ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ಮಾತ್ರೆಯಲ್ಲಿರುವುದೂ ಅದೇ ಅಣು. ರಕ್ತದ ಹನಿಯಲ್ಲಿ ಸಿಕ್ಕ ಥೈರಾಕ್ಸಿನ್ ಗ್ರಂಥಿಯದೋ ಮಾತ್ರೆಯದೋ ಎಂದು ಪ್ರಯೋಗಾಲಯದ ಯಂತ್ರ ಹೇಳಲಾರದು. ಮಾತ್ರೆ ನುಂಗುವ ಮೊದಲೇ ರಕ್ತದಲ್ಲಿದ್ದ ಈ ಮಟ್ಟವನ್ನು ಔಷಧ ವಿಜ್ಞಾನಿಗಳು ಬೇಸ್‌ಲೈನ್ ಎನ್ನುತ್ತಾರೆ. ಅದನ್ನು ಕಳೆಯಬೇಕೇ, ಎಷ್ಟು ಕಳೆಯಬೇಕು, ಹೇಗೆ ಕಳೆಯಬೇಕು ಎಂಬುದು ಒಣ ತಾಂತ್ರಿಕ ಪ್ರಶ್ನೆಯಂತೆ ಕಂಡರೂ, ಮೆಡಿಕಲ್ ಶಾಪಿನಲ್ಲಿ ನಿಮ್ಮ ಕೈಗೆ ಬರುವ ಡಬ್ಬಿಯೊಳಗಿನ ಮಾತ್ರೆಯ ಗುಣಮಟ್ಟ ಇದನ್ನೇ ನೆಚ್ಚಿಕೊಂಡಿದೆ.

ನಮ್ಮಲ್ಲಿ ಈ ಮಾತ್ರೆ ನುಂಗುವವರು ಬಹಳ. ಬೆಂಗಳೂರೂ ಸೇರಿ ದೇಶದ ಎಂಟು ನಗರಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಸುಮಾರು ಶೇ 11ರಷ್ಟು ವಯಸ್ಕರಲ್ಲಿ ಹೈಪೊಥೈರಾಯ್ಡಿಸಂ, ಅಂದರೆ ಥೈರಾಯ್ಡ್ ಕೊರತೆ, ಕಂಡುಬಂದಿತ್ತು. ಬೆಳಗ್ಗೆ ಕಾಫಿಗೆ ಮೊದಲು ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗಿ ಅರ್ಧ ಗಂಟೆ ಕಾಯುವವರು ಇವತ್ತು ಹೆಚ್ಚುಕಡಿಮೆ ಪ್ರತಿ ಬೀದಿಯಲ್ಲೂ ಸಿಗುತ್ತಾರೆ.

ಸಾಮಾನ್ಯ ಔಷಧಗಳಲ್ಲಿ ಈ ತೊಡಕಿಲ್ಲ. ಪ್ಯಾರಸಿಟಮಾಲ್ ನುಂಗದವನ ರಕ್ತದಲ್ಲಿ ಪ್ಯಾರಸಿಟಮಾಲ್ ಇರುವುದಿಲ್ಲ. ಆದ್ದರಿಂದ ಮಾತ್ರೆಯ ನಂತರ ಕಂಡದ್ದೆಲ್ಲ ಮಾತ್ರೆಯದೇ. ಪರೀಕ್ಷೆಯಲ್ಲಿ ಅದೇ ವ್ಯಕ್ತಿಗೆ ಸುತ್ತು ಸುತ್ತಾಗಿ ಔಷಧ ಕೊಡುವುದರಿಂದ, ಹಿಂದಿನ ಸುತ್ತಿನದು ಮುಂದಿನ ಸುತ್ತಿಗೂ ಸ್ವಲ್ಪ ಉಳಿದುಬಿಡುವುದುಂಟು. ಅದಕ್ಕೂ ಒಂದು ನಿಯಮವಿದೆ: ಮಾತ್ರೆ ನುಂಗುವ ಮೊದಲಿನ ಮಟ್ಟ ಆ ವ್ಯಕ್ತಿಯ ಗರಿಷ್ಠ ಮಟ್ಟದ ಶೇ 5ನ್ನು ಮೀರಿದರೆ ಅವನ ಅಂಕಿಗಳನ್ನು ಲೆಕ್ಕದಿಂದಲೇ ಕೈಬಿಡಬೇಕು. ಥೈರಾಕ್ಸಿನ್‌ಗೆ ಈ ನಿಯಮ ಹಚ್ಚಿದರೆ ಲೆಕ್ಕದಲ್ಲಿ ಒಬ್ಬನೂ ಉಳಿಯುವುದಿಲ್ಲ. ಒರತೆಯಿರುವ ಬಾವಿಗೆ ಹೊರಗಿನಿಂದ ನಾಲ್ಕು ಕೊಡ ನೀರು ಸುರಿದು, ಸುರಿದದ್ದು ಎಷ್ಟು ಎಂದು ಬಾವಿಯ ನೀರಿನ ಮಟ್ಟ ನೋಡಿ ಹೇಳಬೇಕಾದ ಸ್ಥಿತಿ ಇದು.

ಜೆನೆರಿಕ್ ಔಷಧದ ಪರೀಕ್ಷೆ ನಡೆಯುವ ಬಗೆ ಹೀಗೆ. ಅದೇ ಸ್ವಯಂಸೇವಕರಿಗೆ ಒಮ್ಮೆ ಮೂಲ ಬ್ರ್ಯಾಂಡಿನ ಮಾತ್ರೆ, ಸಾಕಷ್ಟು ಬಿಡುವು ಕೊಟ್ಟು ಇನ್ನೊಮ್ಮೆ ಹೊಸ ಮಾತ್ರೆ. ಎರಡೂ ಸಲ ಗಂಟೆಗಂಟೆಗೆ ರಕ್ತ ತೆಗೆದು ಎರಡು ಅಂಕಿಗಳನ್ನು ಕಂಡುಕೊಳ್ಳುತ್ತಾರೆ. ಒಂದು, ರಕ್ತದಲ್ಲಿ ಔಷಧ ಏರಿದ ಗರಿಷ್ಠ ಮಟ್ಟ, ಇದು ಸಿಮ್ಯಾಕ್ಸ್. ಇನ್ನೊಂದು, ಸಮಯ ಕಳೆದಂತೆ ಮಟ್ಟ ಏರಿ ಇಳಿದ ಗೆರೆಯ ಕೆಳಗಿನ ಒಟ್ಟು ವಿಸ್ತೀರ್ಣ. ಇದು ಎಯುಸಿ, ದೇಹಕ್ಕೆ ಸಿಕ್ಕ ಔಷಧದ ಒಟ್ಟು ಮೊತ್ತದ ಸೂಚಕ. ಹೊಸದು ಮತ್ತು ಹಳೆಯದರ ಅನುಪಾತ ತೆಗೆದು, ಅಂಕಿಗಳ ಏರುಪೇರನ್ನೂ ಒಳಗೊಂಡ ಶೇ 90ರ ವಿಶ್ವಾಸ ವ್ಯಾಪ್ತಿ ಪೂರ್ತಿಯಾಗಿ 80ರಿಂದ 125ರ ಒಳಗೆ ಬಿದ್ದರೆ ಮಾತ್ರೆಗಳು ಸಮಾನ. ಬಯೋಈಕ್ವಿವಲೆನ್ಸ್ ಪರೀಕ್ಷೆ ಎನ್ನುವುದು ಇದನ್ನೇ. ಬೆಂಗಳೂರು, ಹೈದರಾಬಾದ್, ಅಹಮದಾಬಾದ್‌ಗಳಲ್ಲಿ ಇದನ್ನೇ ಕಸುಬಾಗಿ ಮಾಡುವ ಕೇಂದ್ರಗಳಿವೆ.

ಈಗ ಒಂದು ಕಲ್ಪಿತ ಉದಾಹರಣೆಯನ್ನು ಕೈಯಲ್ಲೇ ಲೆಕ್ಕ ಹಾಕಿ ನೋಡೋಣ. ಸ್ವಯಂಸೇವಕನ ಸ್ವಂತ ಥೈರಾಕ್ಸಿನ್ ಮಟ್ಟ ಡೆಸಿಲೀಟರಿಗೆ 8 ಮೈಕ್ರೋಗ್ರಾಂ ಎಂದಿಟ್ಟುಕೊಳ್ಳಿ. ಆರೋಗ್ಯವಂತರಲ್ಲಿ ಇದು ಸುಮಾರು 5ರಿಂದ 12ರವರೆಗೆ ಇರುತ್ತದೆ. ಮೂಲ ಮಾತ್ರೆ ನುಂಗಿದಾಗ ಮಟ್ಟ 14ಕ್ಕೆ ಏರಿತು. ಮೂರನೇ ಎರಡು ಪಾಲು ಮಾತ್ರ ಔಷಧವಿರುವ ಕಳಪೆ ಮಾತ್ರೆ ನುಂಗಿದಾಗ 12ಕ್ಕೆ ಏರಿತು. ಹಾಗೆಯೇ ಭಾಗಿಸಿದರೆ 14ಕ್ಕೆ 12, ಅಂದರೆ ಶೇ 86. ತೇರ್ಗಡೆ! ದೇಹದ 8ನ್ನು ಎರಡೂ ಕಡೆ ಕಳೆದು ನೋಡಿದರೆ 6ಕ್ಕೆ 4, ಅಂದರೆ ಶೇ 67. ನಪಾಸು. ಔಷಧವೇ ಇಲ್ಲದ ಬರೀ ಸುಣ್ಣದ ಬಿಲ್ಲೆ ಕೊಟ್ಟಿದ್ದರೂ ಕಳೆಯದ ಲೆಕ್ಕದಲ್ಲಿ ಅದಕ್ಕೆ ಶೇ 57 ಅಂಕ ಸಿಗುತ್ತಿತ್ತು. ಎಯುಸಿಯಲ್ಲಿ ಪರಿಸ್ಥಿತಿ ಇನ್ನೂ ಕೆಟ್ಟದ್ದು. ಗರಿಷ್ಠ ಮಟ್ಟ ಮುಟ್ಟಿದ ಮೇಲೆ ಮಾತ್ರೆಯ ಪಾಲು ಇಳಿಯುತ್ತ ಹೋಗುತ್ತದೆ, ದೇಹದ ಪಾಲು ಹೆಚ್ಚುಕಡಿಮೆ ಹಾಗೇ ನಿಂತಿರುತ್ತದೆ. ಹೀಗಾಗಿ ಒಟ್ಟು ವಿಸ್ತೀರ್ಣದಲ್ಲಿ ದೇಹದ್ದೇ ಮೇಲುಗೈ. ಸಾಲದ್ದಕ್ಕೆ, ಎರಡೂ ಕಡೆ ಒಂದೇ ದೊಡ್ಡ ಅಂಕಿ ಕೂಡಿಕೊಂಡಿರುವುದರಿಂದ ಏರುಪೇರೂ ಕಡಿಮೆ ಕಾಣುತ್ತದೆ, ವಿಶ್ವಾಸ ವ್ಯಾಪ್ತಿ ಕಿರಿದಾಗುತ್ತದೆ, ತೇರ್ಗಡೆ ಮತ್ತಷ್ಟು ಸುಲಭವಾಗುತ್ತದೆ. ಬೇಸ್‌ಲೈನ್ ಕಳೆಯದೆ ಬಿಡುವುದನ್ನು ತಟಸ್ಥ ನಿಲುವು ಎಂದು ನಾನು ಒಪ್ಪಲಾರೆ. ಅದು ಕಳಪೆ ಮಾತ್ರೆಗೆ ಕೊಟ್ಟ ಕೃಪಾಂಕ.

ಈ ಔಷಧದ ಚರಿತ್ರೆಯನ್ನೂ ಸ್ವಲ್ಪ ಹೇಳಬೇಕು. ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಎಡ್ವರ್ಡ್ ಕೆಂಡಾಲ್ ಥೈರಾಕ್ಸಿನ್‌ನ ಹರಳುಗಳನ್ನು ಬೇರ್ಪಡಿಸಿದ್ದು 1914ರ ಕ್ರಿಸ್‌ಮಸ್ ದಿನ. ಆಮೇಲೆ ಬಂದ ಮಾತ್ರೆಗಳು ದಶಕಗಳ ಕಾಲ ಅಮೆರಿಕದಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ವಿಧಿವತ್ತಾದ ಅನುಮೋದನೆಯಿಲ್ಲದೆಯೇ ಮಾರಾಟವಾಗುತ್ತಿದ್ದವು. ಒಂದೇ ಕಂಪನಿಯ ಮಾತ್ರೆಯಲ್ಲೂ ಔಷಧದ ಪ್ರಮಾಣ ಬ್ಯಾಚಿನಿಂದ ಬ್ಯಾಚಿಗೆ ಬದಲಾಗುತ್ತಿತ್ತು, ಇಟ್ಟಲ್ಲೇ ಸತ್ವ ಕುಂದುತ್ತಿತ್ತು. 1997ರ ಆಗಸ್ಟ್‌ನಲ್ಲಿ ಎಫ್‌ಡಿಎ ಇವೆಲ್ಲವನ್ನೂ ಹೊಸ ಔಷಧಗಳೆಂದು ಪರಿಗಣಿಸಿ ಅರ್ಜಿ ಹಾಕಲು ಹೇಳಿತು. ಪರೀಕ್ಷೆ ಹೇಗೆ ಮಾಡಬೇಕೆಂಬ ಪ್ರಶ್ನೆ ತುರ್ತಾದದ್ದು ಆಗ.

ರೋಗಿಗಳಲ್ಲೇ ಏಕೆ ಪರೀಕ್ಷಿಸಬಾರದು ಎಂದು ನೀವು ಕೇಳಬಹುದು. ಥೈರಾಯ್ಡ್ ಇಲ್ಲದವರಲ್ಲಿ ಬೇಸ್‌ಲೈನ್ ತೊಡಕೇ ಇರುವುದಿಲ್ಲವಲ್ಲ. ಆದರೆ ರಕ್ತದ ಮಟ್ಟ ಶೂನ್ಯಕ್ಕೆ ಇಳಿಯಬೇಕಾದರೆ ಅವರಿಗೆ ವಾರಗಟ್ಟಲೆ ಔಷಧ ನಿಲ್ಲಿಸಬೇಕು. ಥೈರಾಕ್ಸಿನ್ ಅರ್ಧಕ್ಕೆ ಇಳಿಯಲೇ ಸುಮಾರು ಏಳು ದಿನ ಹಿಡಿಯುತ್ತದೆ. ಸುಸ್ತು, ಬಾವು, ಚಳಿ, ಮಂಕುತನಗಳಿಗೆ ರೋಗಿಯನ್ನು ದೂಡಿ ಒಂದು ಮಾತ್ರೆಯ ಸಮಾನತೆ ನೋಡುವುದು ನ್ಯಾಯವಲ್ಲ. ಔಷಧ ನಿಲ್ಲಿಸದೆ, ಕೊರತೆಯಿರುವ ಮಹಿಳೆಯರಲ್ಲೇ ನಾಲ್ಕು ಬಗೆಯ ಮಾತ್ರೆಗಳನ್ನು ಒಂದಾದ ಮೇಲೊಂದು ಕೊಟ್ಟು ಹೋಲಿಸಿದವರು ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬೆಟ್ಟಿ ಡಾಂಗ್. ಹಣ ಕೊಟ್ಟಿದ್ದು ಸಿಂಥ್ರಾಯ್ಡ್ ಬ್ರ್ಯಾಂಡಿನ ಕಂಪನಿ. ನಾಲ್ಕೂ ಸಮಾನ ಎಂದು ಫಲಿತಾಂಶ ಬಂದಾಗ ಕಂಪನಿಯೇ ಪ್ರಕಟಣೆಗೆ ಅಡ್ಡ ನಿಂತಿತು. ವರ್ಷಗಳ ಜಗ್ಗಾಟದ ನಂತರ 1997ರಲ್ಲಿ ಅದು 'ಜಾಮಾ' ಪತ್ರಿಕೆಯಲ್ಲಿ ಬೆಳಕು ಕಂಡಿತು. ಮೊದಲಿಗೆ ಹೇಳಿದ 2004ರ ಅಧ್ಯಯನದ ಹಿಂದೆಯೂ ಇದ್ದದ್ದು ಅದೇ ಬ್ರ್ಯಾಂಡಿನ ಅಂದಿನ ಒಡೆಯ ಅಬಾಟ್ ಕಂಪನಿ. ಜೆನೆರಿಕ್‌ಗಳು ಮಾರುಕಟ್ಟೆಗೆ ಬಂದರೆ ನಷ್ಟವಾಗುತ್ತಿದ್ದುದು ಅದಕ್ಕೇ. ಹಾಗೆಂದು ಅದರ ಅಂಕಿಗಳನ್ನು ತಳ್ಳಿಹಾಕಲು ಬರುವುದಿಲ್ಲ. ಕಂಪನಿಯ ಲಾಭ ಏನೇ ಇರಲಿ, 400 ಮತ್ತು 600 ಸಮಾನ ಎನ್ನುವ ಪರೀಕ್ಷೆ ಕೆಟ್ಟ ಪರೀಕ್ಷೆಯೇ.

ಇಂದಿನ ರೂಢಿ ಇದು: ಆರೋಗ್ಯವಂತರಿಗೆ ಒಂದೇ ಸಲ 600 ಮೈಕ್ರೋಗ್ರಾಂ. ಸಾಮಾನ್ಯವಾಗಿ ರೋಗಿಗೆ ಬೇಕಾಗುವುದು ಕಿಲೋ ತೂಕಕ್ಕೆ 1.6 ಮೈಕ್ರೋಗ್ರಾಂನಷ್ಟು, 60 ಕಿಲೋ ತೂಗುವವರಿಗೆ ದಿನಕ್ಕೆ 100ರ ಆಸುಪಾಸು. ಆರು ದಿನದ ಔಷಧವನ್ನು ಒಮ್ಮೆಲೇ ಕೊಡುವುದು ದೇಹದ ಪಾಲಿನ ಮೇಲೆ ಮಾತ್ರೆಯ ಪಾಲು ಎದ್ದು ಕಾಣಲಿ ಎಂದೇ. ಎರಡು ಸುತ್ತುಗಳ ನಡುವೆ ಕನಿಷ್ಠ 35 ದಿನಗಳ ಬಿಡುವು. ಮಾತ್ರೆಗೆ ಮೊದಲು ಅರ್ಧ ಗಂಟೆಯೊಳಗೆ ಮೂರು ಸಲ ರಕ್ತ ತೆಗೆದು, ಅವುಗಳ ಸರಾಸರಿಯನ್ನು ಆಮೇಲಿನ ಪ್ರತಿ ಅಂಕಿಯಿಂದ ಕಳೆಯುತ್ತಾರೆ. ಪ್ರತಿಯೊಬ್ಬರಿಗೂ ಅವರದೇ ಬೇಸ್‌ಲೈನ್, ಪ್ರತಿ ಸುತ್ತಿಗೂ ಆ ಸುತ್ತಿನದೇ. ಮೊದಲ ಸುತ್ತಿನ ಅಂಕಿಯನ್ನು ಎರಡನೆಯದಕ್ಕೆ ಎರವಲು ತರುವಂತಿಲ್ಲ.

ಮೂರು ಸಲ ತೆಗೆಯುವುದು ಸುಮ್ಮನೆ ಅಲ್ಲ. ಕಳೆಯುವ ಲೆಕ್ಕಕ್ಕೂ ಅದರದೇ ಅಪಾಯವಿದೆ. ಮೇಲಿನ ಉದಾಹರಣೆಯಲ್ಲಿ ನಿಜವಾದ 8ರ ಬದಲು ಬೇಸ್‌ಲೈನ್ 8.4 ಎಂದು ಅಳೆಯಲ್ಪಟ್ಟಿತು ಎನ್ನಿ. ಒಟ್ಟು 14ರಲ್ಲಿ ಆ 0.4 ಶೇ 3ಕ್ಕಿಂತ ಕಡಿಮೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಕಳೆದ ಮೇಲೆ ಉಳಿಯುವ 6ರಲ್ಲಿ ಅದೇ 0.4 ಶೇ 7ರ ತಪ್ಪು. ದೊಡ್ಡ ಅಂಕಿಯಿಂದ ದೊಡ್ಡ ಅಂಕಿ ಕಳೆದಾಗ ಉಳಿಯುವ ಸಣ್ಣ ಅಂಕಿಯ ಮೇಲೆ ಎರಡರ ದೋಷವೂ ಬಂದು ಕೂರುತ್ತದೆ. ಹೀಗಾಗಿ ಬೇಸ್‌ಲೈನ್ ಕಳೆದ ಪರೀಕ್ಷೆಗೆ ಹೆಚ್ಚು ಸ್ವಯಂಸೇವಕರು ಬೇಕು, ಹೆಚ್ಚು ಖರ್ಚು ಬೀಳುತ್ತದೆ. ಕೆಲವೊಮ್ಮೆ ಕಳೆದ ಉತ್ತರ ಸೊನ್ನೆಗಿಂತ ಕೆಳಗೂ ಹೋಗುತ್ತದೆ. ಋಣಾತ್ಮಕ ಹಾರ್ಮೋನ್ ಎಂಬುದೊಂದು ಇಲ್ಲವಾದ್ದರಿಂದ ಅಂಥದ್ದನ್ನು ಸೊನ್ನೆ ಎಂದು ಬರೆಯಬೇಕೆಂದು ಎಫ್‌ಡಿಎ ಹೇಳುತ್ತದೆ. ಅದರಲ್ಲೂ ಒಂದು ಓರೆಯಿದೆ. ಕೆಳಗೆ ಬಿದ್ದ ದೋಷಗಳನ್ನು ಮಾತ್ರ ಎತ್ತಿ ಸೊನ್ನೆಗೆ ತಂದರೆ, ಮೇಲೆ ಹೋದ ದೋಷಗಳು ಹಾಗೇ ಉಳಿದು ಸರಾಸರಿ ತುಸು ಮೇಲಕ್ಕೆ ವಾಲುತ್ತದೆ.

ಇದಕ್ಕಿಂತ ಆಳದ ತೊಡಕು ದೇಹದ ಸ್ವಭಾವದಲ್ಲೇ ಇದೆ. ಹೊರಗಿನಿಂದ ಹಾರ್ಮೋನ್ ಬಂದದ್ದು ತಿಳಿದ ಕೂಡಲೇ ಮೆದುಳಿನಡಿಯ ಪಿಟ್ಯುಟರಿ ಗ್ರಂಥಿ, ಥೈರಾಯ್ಡನ್ನು ಪ್ರಚೋದಿಸುವ ಟಿಎಸ್‌ಎಚ್ ಹಾರ್ಮೋನನ್ನು ಬಿಡುವುದನ್ನು ತಗ್ಗಿಸುತ್ತದೆ. ಆಗ ಥೈರಾಯ್ಡ್ ತನ್ನ ತಯಾರಿಕೆಯನ್ನು ತಗ್ಗಿಸುತ್ತದೆ. ಅಂದರೆ ನಾವು ಕಳೆಯಲು ಹೊರಟ 8 ಎಂಬ ಅಂಕಿ ನಿಂತಲ್ಲಿ ನಿಲ್ಲುವುದಿಲ್ಲ. ತಯಾರಿಕೆ ಪೂರ್ತಿ ನಿಂತೇಹೋಯಿತು ಎಂದು ಅತಿಯ ಕಡೆಯಿಂದ ಲೆಕ್ಕ ಹಾಕಿದರೂ, ಏಳು ದಿನದ ಅರ್ಧಾಯುಷ್ಯದಲ್ಲಿ 8 ಇದ್ದದ್ದು 48 ಗಂಟೆಗೆ 6.6ಕ್ಕೆ ಇಳಿದಿರುತ್ತದೆ. ಆಗಲೂ 8ನ್ನೇ ಕಳೆದರೆ ಮಾತ್ರೆಯ ಪಾಲಿನಿಂದಲೇ 1.4ನ್ನು ಕಿತ್ತುಕೊಂಡಂತೆ. ಅದಕ್ಕೇ 2004ರ ಅಧ್ಯಯನದವರು ಮೂರು ಬಗೆಯಲ್ಲಿ ಕಳೆದು ನೋಡಿದರು: ಒಂದೇ ಸ್ಥಿರ ಅಂಕಿಯಾಗಿ, ಏಳು ದಿನದ ಅರ್ಧಾಯುಷ್ಯದಲ್ಲಿ ಇಳಿಯುತ್ತ ಹೋಗುವ ಅಂಕಿಯಾಗಿ, ಔಷಧವಿಲ್ಲದ ದಿನ ಗಡಿಯಾರದ ಅದೇ ಹೊತ್ತಿನಲ್ಲಿ ಅಳೆದಿಟ್ಟ ಅಂಕಿಯಾಗಿ. ಕಳೆದಾಗ 600ಕ್ಕೂ 400ಕ್ಕೂ ನಡುವಿನ ವ್ಯತ್ಯಾಸ ಬಯಲಿಗೆ ಬಂತು. ಆದರೂ ಶೇ 12.5ರಷ್ಟು ವ್ಯತ್ಯಾಸವಿರುವ 450 ಮತ್ತು 400 ಸಮಾನವೆಂದೇ ತೇರ್ಗಡೆಯಾದವು. ಮಾರುಕಟ್ಟೆಯಲ್ಲಿ 88, 100, 112, 125 ಮೈಕ್ರೋಗ್ರಾಂ ಎಂದು ಬೇರೆ ಬೇರೆ ಮಾತ್ರೆಗಳಿರುವುದು ವೈದ್ಯರು ಅಷ್ಟೇ ವ್ಯತ್ಯಾಸಕ್ಕಾಗಿ ಡೋಸ್ ಬದಲಿಸುವುದರಿಂದ ಎಂಬುದನ್ನು ನೆನೆದರೆ ಇದರ ತೂಕ ತಿಳಿಯುತ್ತದೆ. ಮುಂದೆ ಇಂಥ ಸೂಕ್ಷ್ಮ ಔಷಧಗಳಿಗೆ 80–125ರ ಬದಲು ಸುಮಾರು 90–111ರ ಕಿರಿದಾದ ಮಿತಿ ಬಂದದ್ದು, ಮಾತ್ರೆಯೊಳಗಿನ ಪ್ರಮಾಣ ಶೇ 95–105ರೊಳಗೇ ಇರಬೇಕೆಂದು 2007ರಲ್ಲಿ ಎಫ್‌ಡಿಎ ಬಿಗಿ ಮಾಡಿದ್ದು ಇದೇ ಕಾಳಜಿಯಿಂದ.

ನಿಯಮ ಬಿಗಿಯಾದ ಮೇಲೂ ವಿವಾದ ಮುಗಿಯಲಿಲ್ಲ. ಫ್ರಾನ್ಸಿನಲ್ಲಿ ಸುಮಾರು 30 ಲಕ್ಷ ಜನ ನುಂಗುತ್ತಿದ್ದ ಲೆವೊಥೈರಾಕ್ಸ್ ಬ್ರ್ಯಾಂಡಿನ ಮಾತ್ರೆಯ ಲ್ಯಾಕ್ಟೋಸ್ ತೆಗೆದು ಮ್ಯಾನಿಟಾಲ್ ಮತ್ತು ಸಿಟ್ರಿಕ್ ಆಮ್ಲ ಹಾಕಿದ ಹೊಸ ರೂಪ 2017ರಲ್ಲಿ ಬಂತು. ಮಾತ್ರೆಯ ಸತ್ವ ಸ್ಥಿರವಾಗಿರಲಿ ಎಂಬುದೇ ಬದಲಾವಣೆಯ ಉದ್ದೇಶವಾಗಿತ್ತು. 204 ಆರೋಗ್ಯವಂತರಲ್ಲಿ ಪರೀಕ್ಷೆ ನಡೆದು, ಬೇಸ್‌ಲೈನ್ ಕಳೆದ ಅಂಕಿಗಳ ಸರಾಸರಿ ಕಿರಿದಾದ ಮಿತಿಯೊಳಗೇ ಬಿದ್ದಿತ್ತು. ಆದರೂ ಸುಸ್ತು, ತಲೆನೋವು, ಕೂದಲು ಉದುರುವಿಕೆ ಎಂದು ಸಾವಿರಾರು ರೋಗಿಗಳು ದೂರು ಕೊಟ್ಟರು. ಟುಲೂಸ್ ನಗರದ ಸಂಶೋಧಕರು 2019ರಲ್ಲಿ ಅದೇ ಅಂಕಿಗಳನ್ನು ಒಬ್ಬೊಬ್ಬರದಾಗಿ ಬಿಡಿಸಿ ನೋಡಿದಾಗ ಅರ್ಧಕ್ಕಿಂತ ಹೆಚ್ಚು ಸ್ವಯಂಸೇವಕರ ಅನುಪಾತ ಮಿತಿಯ ಹೊರಗಿತ್ತು. ಸರಾಸರಿಯ ಸಮಾನತೆ ಒಬ್ಬೊಬ್ಬರ ಸಮಾನತೆಯಲ್ಲ ಎಂದು ಅವರು ವಾದಿಸಿದರು. ಇದಕ್ಕೆ ಎದುರು ಮಾತೂ ಇದೆ, ಅದು ಸಣ್ಣದಲ್ಲ. ಒಂದೊಂದೇ ಸಲ ಕೊಟ್ಟು ಪಡೆದ ಅನುಪಾತದಲ್ಲಿ ಆ ವ್ಯಕ್ತಿಯ ದೇಹದ ದಿನದಿನದ ಏರಿಳಿತವೂ, ಬೇಸ್‌ಲೈನ್ ಕಳೆದಾಗ ಹಿಗ್ಗಿದ ದೋಷವೂ ಸೇರಿರುತ್ತದೆ. ಅದೇ ಹಳೆಯ ಮಾತ್ರೆಯನ್ನೇ ಎರಡು ಸಲ ಕೊಟ್ಟಿದ್ದರೂ ಹಲವರು ಮಿತಿಯಿಂದ ಆಚೆ ಬೀಳುತ್ತಿದ್ದರು. ಆ ವರ್ಷವೇ ಫ್ರಾನ್ಸಿನ ಔಷಧ ಸಂಸ್ಥೆ 20 ಲಕ್ಷಕ್ಕೂ ಹೆಚ್ಚು ರೋಗಿಗಳ ದಾಖಲೆ ನೋಡಿ, ವೈದ್ಯರ ಭೇಟಿಗಳು ಹೆಚ್ಚಿದರೂ ಗಂಭೀರ ತೊಂದರೆಗಳು ಹೆಚ್ಚಿಲ್ಲ ಎಂದಿತು. ನನಗನ್ನಿಸುವುದು, ಅದೇ ವ್ಯಕ್ತಿಗೆ ಅದೇ ಮಾತ್ರೆಯನ್ನು ಎರಡೆರಡು ಸಲ ಕೊಡುವ ವಿನ್ಯಾಸವನ್ನು ಮೊದಲೇ ಆರಿಸಿಕೊಂಡಿದ್ದರೆ ಈ ಜಗಳದ ಬಹುಪಾಲು ಅಂಕಿಗಳಿಂದಲೇ ತೀರುತ್ತಿತ್ತು.

ಥೈರಾಕ್ಸಿನ್ ಒಂದೇ ಅಲ್ಲ. ಪೊಟ್ಯಾಸಿಯಂ ಮಾತ್ರೆಯ ವಿಷಯ ನೋಡಿ. ದೇಹದ ಪೊಟ್ಯಾಸಿಯಂನ ಬಹುಪಾಲು ಜೀವಕೋಶಗಳ ಒಳಗಿದೆ. ರಕ್ತದ ಮಟ್ಟವನ್ನು ದೇಹ ಲೀಟರಿಗೆ ಸುಮಾರು 3.5ರಿಂದ 5 ಮಿಲಿಮೋಲ್‌ನೊಳಗೆ ಹಿಡಿದಿಡುತ್ತದೆ. ರಕ್ತ ನೋಡಿ ಪ್ರಯೋಜನವಿಲ್ಲ, ಮೂತ್ರ ಅಳೆಯಬೇಕು. ಬಾಳೆಹಣ್ಣು, ಎಳನೀರು, ಆಲೂಗೆಡ್ಡೆಗಳಲ್ಲೂ ಪೊಟ್ಯಾಸಿಯಂ ಇರುವುದರಿಂದ ಸ್ವಯಂಸೇವಕರಿಗೆ ದಿನವೂ ಒಂದೇ ಅಳತೆಯ ಊಟ, ಒಂದೇ ಅಳತೆಯ ನೀರು ಕೊಟ್ಟು, ಮಾತ್ರೆಯಿಲ್ಲದ ದಿನಗಳ ಮೂತ್ರದ ಲೆಕ್ಕವನ್ನು ಮಾತ್ರೆಯ ದಿನದ್ದರಿಂದ ಕಳೆಯುತ್ತಾರೆ. ಟೆಸ್ಟೊಸ್ಟೆರಾನ್‌ಗೆ ಗಡಿಯಾರದ ಕಾಟ: ಬೆಳಗ್ಗೆ ಏರುತ್ತದೆ, ಸಂಜೆಗೆ ಇಳಿಯುತ್ತದೆ. ಬೆಳಗಿನ ಒಂದು ಅಂಕಿಯನ್ನು ಇಡೀ ದಿನಕ್ಕೆ ಕಳೆದರೆ ಸಂಜೆಯ ಲೆಕ್ಕ ಹಾಳು. ಹೊರಗಿನ ಟೆಸ್ಟೊಸ್ಟೆರಾನ್ ದೀರ್ಘಕಾಲ ಕೊಟ್ಟರಂತೂ ದೇಹದ ತಯಾರಿಕೆ ಕುಗ್ಗಿಯೇ ಹೋಗುತ್ತದೆ. ಆಗ ಹಳೆಯ ಬೇಸ್‌ಲೈನ್ ಕಳೆಯುವುದೆಂದರೆ ಇಲ್ಲದ್ದನ್ನು ಕಳೆಯುವುದು.

ಇನ್ಸುಲಿನ್‌ನ ವಿಷಯದಲ್ಲಿ ನಿಸರ್ಗವೇ ಒಂದು ಗುರುತು ಬಿಟ್ಟುಕೊಟ್ಟಿದೆ. ಮೇದೋಜೀರಕ ಗ್ರಂಥಿ ಒಂದು ಇನ್ಸುಲಿನ್ ಅಣುವಿನ ಜೊತೆಗೆ ಒಂದು ಸಿ-ಪೆಪ್ಟೈಡ್ ಅಣುವನ್ನೂ ಬಿಡುತ್ತದೆ. ಚುಚ್ಚುಮದ್ದಿನ ಇನ್ಸುಲಿನ್‌ನಲ್ಲಿ ಸಿ-ಪೆಪ್ಟೈಡ್ ಇರುವುದಿಲ್ಲ. ರಕ್ತದ ಸಿ-ಪೆಪ್ಟೈಡ್ ನೋಡಿದರೆ ದೇಹದ ಸ್ವಂತ ಪಾಲನ್ನು ಅಂದಾಜಿಸಬಹುದು. ಪಿತ್ತಜನಕಾಂಗ ಇನ್ಸುಲಿನ್‌ನ ಬಹಳಷ್ಟು ಭಾಗವನ್ನು ದಾರಿಯಲ್ಲೇ ಹಿಡಿದುಕೊಂಡು ಸಿ-ಪೆಪ್ಟೈಡನ್ನು ಬಿಟ್ಟುಕೊಡುವುದರಿಂದ, ಮದ್ದು ಕೊಡುವ ಮೊದಲು ಎರಡರ ಅನುಪಾತ ಎಷ್ಟಿತ್ತು ಎಂಬುದನ್ನೂ ಅಳೆದಿಟ್ಟುಕೊಳ್ಳಬೇಕು. ಟೈಪ್ 1 ಮಧುಮೇಹಿಗಳಲ್ಲಿ ಸ್ವಂತ ಇನ್ಸುಲಿನ್ ಬಹುತೇಕ ಇಲ್ಲದಿರುವುದರಿಂದ ಲೆಕ್ಕ ಇನ್ನೂ ನಿಚ್ಚಳ. ಬೆಂಗಳೂರಿನ ಬಯೋಕಾನ್ ಸಂಸ್ಥೆ ಮೈಲಾನ್ ಜೊತೆಗೂಡಿ ತಂದ ಇನ್ಸುಲಿನ್ ಗ್ಲಾರ್ಜಿನ್ 'ಸೆಮ್‌ಗ್ಲೀ'ಗೆ 2021ರ ಜುಲೈನಲ್ಲಿ ಅಮೆರಿಕದಲ್ಲಿ ಮೂಲ ಔಷಧದ ಬದಲಿಗೆ ನೇರವಾಗಿ ಕೊಡಬಹುದಾದ ಮೊದಲ ಬಯೋಸಿಮಿಲರ್ (ಜೈವಿಕ ಔಷಧದ ಸಮರೂಪ) ಎಂಬ ಮಾನ್ಯತೆ ಸಿಕ್ಕಿತು. ಬಯೋಸಿಮಿಲರ್ ಇನ್ಸುಲಿನ್‌ಗಳು ದಾಟುವ ಪರೀಕ್ಷೆಗಳಲ್ಲಿ ದೇಹದ ಇನ್ಸುಲಿನ್ನನ್ನೂ ಮದ್ದಿನ ಇನ್ಸುಲಿನ್ನನ್ನೂ ಬೇರ್ಪಡಿಸುವ ಕೆಲಸ ಮುಖ್ಯವಾದದ್ದು.

ಕಳೆಯುವ ಗೋಜೇ ಇಲ್ಲದ ದಾರಿಯೂ ಒಂದಿದೆ. ಮಾತ್ರೆಯ ಥೈರಾಕ್ಸಿನ್‌ನೊಳಗೆ ಸಾಮಾನ್ಯ ಕಾರ್ಬನ್ ಬದಲು ಕಾರ್ಬನ್-13 ಸೇರಿಸಿದರೆ ಅಣು ತುಸು ತೂಕವಾಗುತ್ತದೆ, ಉಳಿದಂತೆ ವರ್ತನೆ ಅದೇ, ವಿಕಿರಣವಿಲ್ಲ, ಅಪಾಯವಿಲ್ಲ. ಮಾಸ್ ಸ್ಪೆಕ್ಟ್ರೊಮೀಟರ್ ಅದನ್ನು ದೇಹದ ಅಣುವಿನಿಂದ ಬೇರೆಯಾಗಿ ಎಣಿಸುತ್ತದೆ. ಕಂಪನಿ ಮಾರುವ ಮಾತ್ರೆಯನ್ನೇ ಹೀಗೆ ತಯಾರಿಸುವುದು ದುಬಾರಿ ಮತ್ತು ತ್ರಾಸದ ಕೆಲಸ. ಆದ್ದರಿಂದ ಕಳೆಯುವ ಲೆಕ್ಕವೇ ಸದ್ಯ ನಮ್ಮ ಕೈಯಲ್ಲಿರುವ ಸಾಧನ.

ಅದನ್ನು ಬಳಸುವಲ್ಲಿ ಒಂದು ಶಿಸ್ತು ಮಾತ್ರ ಸಡಿಲವಾಗಕೂಡದು. ಯಾವ ಬಗೆಯಲ್ಲಿ ಕಳೆಯುತ್ತೇವೆ ಎಂಬುದನ್ನು ಕಾರಣ ಸಮೇತ ಅಧ್ಯಯನದ ಯೋಜನೆಯಲ್ಲಿ ಮೊದಲೇ ಬರೆದಿಡಬೇಕು. ಯುರೋಪಿನ 2010ರ ಮಾರ್ಗಸೂಚಿ ಇದನ್ನೇ ಹೇಳುತ್ತದೆ. ಅಂಕಿ ಕೈಗೆ ಬಂದ ಮೇಲೆ ಮೂರು ವಿಧಾನ ಹಚ್ಚಿ ನೋಡಿ, ತೇರ್ಗಡೆಯಾದದ್ದನ್ನು ಆರಿಸಿಕೊಳ್ಳುವ ಅವಕಾಶವಿದ್ದರೆ ಪರೀಕ್ಷೆಗೆ ಅರ್ಥವಿಲ್ಲ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಳೆದ ಮತ್ತು ಕಳೆಯದ ಎರಡೂ ಅಂಕಿಗಳನ್ನು ಕಂಪನಿಗಳು ಸಾರ್ವಜನಿಕವಾಗಿ ಇಡಬೇಕು. ಮಾತ್ರೆ ನುಂಗುವವರ ವೈದ್ಯರಿಗೆ ಅದನ್ನು ನೋಡುವ ಹಕ್ಕಿದೆ.

ಥೈರಾಯ್ಡ್ ಮಾತ್ರೆ ನುಂಗುವ ಓದುಗರಿಗೆ ಒಂದು ಮಾತು. ಜೆನೆರಿಕ್ ಮಾತ್ರೆಗೆ ಹೆದರಬೇಕಾಗಿಲ್ಲ. ಅಗ್ಗದ ಔಷಧ ನಮ್ಮ ಜನಕ್ಕೆ ಬೇಕು. ಆದರೆ ತಿಂಗಳಿಗೊಂದು ಬ್ರ್ಯಾಂಡ್ ಬದಲಿಸಬೇಡಿ. ಅಂಗಡಿಯವರು ಬೇರೆ ಕಂಪನಿಯದನ್ನು ಕೊಟ್ಟರೆ ಡಬ್ಬಿಯ ಮೇಲಿನ ಹೆಸರು ನೋಡಿ, ನಿಮ್ಮ ವೈದ್ಯರಿಗೆ ತಿಳಿಸಿ. ಬದಲಾದದ್ದೇ ಆದರೆ ಆರರಿಂದ ಎಂಟು ವಾರಗಳ ನಂತರ ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸಿಕೊಳ್ಳಿ.